ಡೈನಮೋ ಬೆಳಕು

ನಾನು ಹೈಸ್ಕೂಲಿಗೆ ಹೋಗುತ್ತಿದ್ದ 1970ರ ದಶಕದಲ್ಲಿ ಸೈಕಲ್ಲಿಗೂ ತೆರಿಗೆಯಿತ್ತು. ಪುರಸಭೆಗೆ ದುಡ್ಡು ಕಟ್ಟಿ ತಗಡಿನ ಬಿಲ್ಲೆ ತಂದು ಸಿಕ್ಕಿಸಬೇಕು. ಕತ್ತಲಾದರೆ ದೀಪ ಬೇಕು. ಹಿರಿಯರ ಕಾಲಕ್ಕೆ ಸೀಮೆಎಣ್ಣೆಯದು, ನಮ್ಮ ಕಾಲಕ್ಕೆ ಡೈನಮೋ. ದೀಪವಿಲ್ಲದವರ, ಡಬ್ಬಲ್ ರೈಡಿಂಗಿನವರ ಚಕ್ರದ ಗಾಳಿ ಬಿಟ್ಟು ಪೊಲೀಸರು ನಡೆಸಿಯೇ ಮನೆಗೆ ಕಳಿಸುತ್ತಿದ್ದರು.

ಡೈನಮೋ ಚಕ್ರಕ್ಕೆ ತಾಗಿಸಿದರೆ ಪೆಡಲು ಭಾರ. ನಿಂತರೆ ದೀಪವೂ ನಂದುತ್ತಿತ್ತು. ಲಾರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತ ಮರ್ಯಾದಸ್ಥನೇ ಕತ್ತಲಲ್ಲಿ ಮಾಯ! ಆಗ ಅವನನ್ನು ಕಾಯಬೇಕಾದದ್ದು ಹಿಂದಿನ ಮಡ್‌ಗಾರ್ಡಿನ ತುದಿಗೆ ಬಳಿದ ಅಂಗೈಯಗಲ ಬಿಳಿ ಬಣ್ಣ, ಒಂದು ಕೆಂಪು ರಿಫ್ಲೆಕ್ಟರ್.

ಮೋಟಾರಿನವರಿಗೂ ಕಟ್ಟುಪಾಡಿತ್ತೆನ್ನಿ. ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿಯುತ್ತಿದ್ದರು, ಎದುರು ವಾಹನ ಬಂದರೆ ಡಿಪ್ ಮಾಡುತ್ತಿದ್ದರು. ಸೈಕಲ್ಲನ್ನು ವಾಹನವೆಂದು ಎಣಿಸಿದವರು ಕಡಿಮೆ. ನಮ್ಮೂರ ಬಸ್ಸಿನ ಡ್ರೈವರೊಬ್ಬರು ಮಾತ್ರ ಸೈಕಲ್ಲಿಗೂ ಡಿಪ್ ಮಾಡುವರು. ಕೇಳಿದರೆ, "ಅವನಿಗೂ ಕಣ್ಣುಂಟಲ್ಲ ಮಾರಾಯ್ರೇ" ಎನ್ನುವರು.

1939ರ ಮೋಟಾರು ವಾಹನ ಕಾಯಿದೆ ಹೋಗಿ 1988ರದು ಬಂತು. ಬಿಲ್ಲೆ ಮರೆಯಾಯಿತು, ಹೆಡ್‌ಲೈಟಿನ ಕಪ್ಪೂ ಅಳಿಯಿತು. ಪೇಪರಿನ ಹುಡುಗರು ನಸುಕಿನಲ್ಲಿ ಈಗಲೂ ಸೈಕಲ್ ತುಳಿಯುತ್ತಾರೆ. ಎದುರಿನ ಎಲ್‌ಇಡಿ ಬೆಳಕಿಗೆ ಕಣ್ಣು ಕೋರೈಸಿ, ಇಳಿದು ಚರಂಡಿಯಂಚಿಗೆ ನಿಲ್ಲುತ್ತಾರೆ.