ರುಕೋ, ರೋಕೋ, ರೈಸ್

ದಖನಿ ಉರ್ದುವಿನಲ್ಲಿ ರುಕೋ ಅಂದರೆ ನಿಲ್ಲು, ರೋಕೋ ಅಂದರೆ ನಿಲ್ಲಿಸು. ಹೈದರಾಬಾದಿನ ಆಟೋ ಚಾಲಕರಿಗೆ ಈ ಎರಡರ ನಡುವೆ ಎಂದೂ ಗೊಂದಲವಿಲ್ಲ. ತೆಲಂಗಾಣ ಚಳವಳಿಯ ದಿನಗಳಲ್ಲಿ ಹಳಿಗಳ ಮೇಲೆ ಕೂತವರು ಮಾಡಿದ್ದು ರೈಲ್ ರೋಕೋ. ಅದನ್ನು ಯಾರೂ ರೈಲ್ ರುಕೋ ಅನ್ನಲಿಲ್ಲ. ಅದೇ ಊರಿನ ತೆಲುಗಿನಲ್ಲಿ ಬಸ್ಸು ತಾನಾಗಿ ನಿಂತರೆ ಆಗು, ಚಾಲಕ ನಿಲ್ಲಿಸಿದರೆ ಆಪು. ಪ್ರಯಾಣಿಕ ಇಳಿಯುವುದು ದಿಗು, ಅವನನ್ನು ಇಳಿಸುವುದು ದಿಂಪು. ಒಂದು ಅಕ್ಷರ ಅತ್ತಿತ್ತ ಆದರೆ ಹೊಣೆ ಇನ್ನೊಬ್ಬರ ಹೆಗಲೇರುತ್ತದೆ.

ಇಷ್ಟು ಚುರುಕು ಕಿವಿಯ ಊರಿನಲ್ಲೂ ಇಂಗ್ಲಿಷಿನ ರೈಸ್ ಮತ್ತು ರೇಯ್ಸ್ ಕೈಕೊಡುತ್ತವೆ. ಮೊದಲನೆಯದು ತಾನೇ ಏಳುವುದು, ಎರಡನೆಯದು ಇನ್ನೊಂದನ್ನು ಎಬ್ಬಿಸುವುದು. ಲೈ, ಲೇ ಕೂಡ ಹಾಗೆಯೇ: ಮಲಗು, ಮಲಗಿಸು.

ಈ ಜೋಡಿಗಳ ಹಿಂದೆ ಒಂದು ಕಳೆದುಹೋದ ಪ್ರತ್ಯಯವಿದೆ. ಸಾವಿರ ವರ್ಷಕ್ಕೂ ಹಿಂದೆ ಇಂಗ್ಲಿಷಿನ ಪೂರ್ವಜ ಭಾಷೆಯಲ್ಲಿ, ನಮ್ಮ ‘ಇಸು’ವಿನಂತೆ, ಕ್ರಿಯಾಪದಕ್ಕೆ ಅಂಟುವ ತುಣುಕೊಂದಿತ್ತು. ಅದು ಒಳಗಿನ ಸ್ವರವನ್ನು ತಿರುಚಿ ತಾನು ಸವೆದುಹೋಯಿತು. ಸಿಟ್‌ನಿಂದ ಸೆಟ್, ಫಾಲ್‌ನಿಂದ ಫೆಲ್ ಹುಟ್ಟಿದ್ದು ಹೀಗೆ. ಮರ ಬಿದ್ದರೆ ಫಾಲ್, ಕಡಿದು ಬೀಳಿಸಿದರೆ ಫೆಲ್. ತಮಾಷೆಯೆಂದರೆ ಫಾಲ್‌ನ ಭೂತಕಾಲವೂ ಫೆಲ್, ಲೈನ ಭೂತಕಾಲವೂ ಲೇ. ಇಂಗ್ಲಿಷ್ ಮನೆಮಾತಿನವರೇ ಶತಮಾನಗಳಿಂದ ಲೈ, ಲೇಗಳಲ್ಲಿ ಎಡವುತ್ತಿದ್ದಾರೆ ಎಂಬುದು ಉಳಿದವರಿಗೆ ಕೊಂಚ ಸಮಾಧಾನ.

ಇಂಥ ತೊಡಕುಗಳನ್ನು ಬಿಡಿಸಿ ಕಲಿಸುವ ಶಿಕ್ಷಕರನ್ನು ತಯಾರು ಮಾಡಲೆಂದೇ 1958ರಲ್ಲಿ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾಯಿತು. ಈಗ ಅದು ‘ಇಫ್ಲು’ ಎಂದು ಕರೆಸಿಕೊಳ್ಳುವ ಕೇಂದ್ರೀಯ ವಿಶ್ವವಿದ್ಯಾಲಯ. ಅದರ ಮೊದಲ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ವಿನಾಯಕ ಕೃಷ್ಣ ಗೋಕಾಕರು. ಮುಂದೆ ಕರ್ನಾಟಕದ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಬೀದಿಗಿಳಿದ ಚಳವಳಿಗೆ ಅಂಟಿದ್ದು ಅದೇ ಇಂಗ್ಲಿಷ್ ಮೇಷ್ಟರ ಹೆಸರು!

ಇಂಥದೇ ತೊಡಕಿನ ಅಡಾಪ್ಟ್ ಜೋಡಿಯ (adapt, adopt) ಕಥೆ ಬೇರೆ. ಒಂದು ಲ್ಯಾಟಿನ್ನಿನ ‘ಹೊಂದಿಸು’, ಇನ್ನೊಂದು ‘ಆರಿಸಿಕೊ’. ಕಾದಂಬರಿಯನ್ನು ಸಿನಿಮಾಕ್ಕೆ ಒಗ್ಗಿಸುವುದೂ ಮಗುವನ್ನು ದತ್ತು ತೆಗೆದುಕೊಳ್ಳುವುದೂ ಕನ್ನಡ ಲಿಪಿಗೆ ಬಂದಾಗ ಹೆಚ್ಚಾಗಿ ಒಂದೇ ಅಡಾಪ್ಟ್ ಆಗಿಬಿಡುತ್ತವೆ. ಅಲ್ಲಿ ಕಿವಿಯನ್ನು, ಲಿಪಿಯನ್ನು ದೂರಬಹುದು.

ರೈಸ್, ರೇಯ್ಸ್‌ಗಳಲ್ಲಿ ಮಾತ್ರ ಆ ನೆಪ ನಡೆಯದು. ಐ ಮತ್ತು ಏ ನಮಗೆ ವರ್ಣಮಾಲೆಯಲ್ಲೇ ಬೇರೆ ಬೇರೆ. ಇಲ್ಲಿ ಗುಮಾನಿ ಹೋಗಬೇಕಾದದ್ದು ‘ಮಾಡು’ ಮೇಲೆ. ಹೈಟೆಕ್ ಸಿಟಿಯ ಕಚೇರಿಯ ಕನ್ನಡಿಗ ಕಂಪ್ಯೂಟರ್ ಕೆಟ್ಟಾಗ, ದೂರು ದಾಖಲಿಸು ಎನ್ನಲು, “ಟಿಕೆಟ್ ರೈಸ್ ಮಾಡು” ಅನ್ನುತ್ತಾನೆ, ಬಾಡಿಗೆ ಏರಿದರೆ “ರೈಸ್ ಆಯ್ತು” ಅನ್ನುತ್ತಾನೆ. ಯಾರು ಎಬ್ಬಿಸಿದರು, ಯಾವುದು ತಾನೇ ಎದ್ದಿತು ಎಂಬುದನ್ನೆಲ್ಲ ‘ಮಾಡು’, ‘ಆಗು’ಗಳೇ ಹೇಳಿ ಮುಗಿಸಿರುತ್ತವೆ. ಪಕ್ಕದ ಮೇಜಿನ ತೆಲುಗಿಗೆ ‘ಚೇಯಿ’, ದಖನಿಗೆ ‘ಕರೋ’ ಇದೇ ಉಪಕಾರ ಮಾಡುತ್ತವೆ. ಹೀಗಾಗಿ ಇಂಗ್ಲಿಷ್ ಕ್ರಿಯಾಪದಕ್ಕೆ ಉಳಿಯುವುದು ಹೆಸರುಪದದ ಕೆಲಸ. ರೈಸ್ ಆದರೇನು, ರೇಯ್ಸ್ ಆದರೇನು?

ಇಮೇಲ್ ಬರೆಯಲು ಕೂತಾಗ ಈ ಸಹಾಯಕರು ಯಾರೂ ಜೊತೆಗಿರುವುದಿಲ್ಲ. “ಐ ಹ್ಯಾವ್ ರಿಸನ್ ದ ಟಿಕೆಟ್” ಎಂಬ ವಾಕ್ಯ ಹೊರಬೀಳುವುದು ಆಗ.