ತಿರುಗಿ ನಿಂತ ಎನ್ ಅಕ್ಷರ

ಮೊನ್ನೆ ಅಮೆರಿಕಾದಲ್ಲಿರುವ ಗೆಳೆಯನಿಂದ ಒಂದು ಮೈಲ್ ಬಂತು, ಜೊತೆಗೆ ಆರು ಫೋಟೋ. ಅವನ ಪಕ್ಕದ ಮನೆಯವರು ಹಿಂದೆ ಸೈನ್ಯದಲ್ಲಿದ್ದವರು. ಅಫಘಾನಿಸ್ತಾನದಲ್ಲಿದ್ದಾಗ ಅಲ್ಲಿನ ಬಜಾರಿನಲ್ಲಿ ಒಂದು ಹಳೇ ರೈಫಲ್ ಕೊಂಡು ತಂದಿದ್ದರಂತೆ. "ಇದು ಮೈವಂದ್ ಯುದ್ಧದಲ್ಲಿ ಬ್ರಿಟಿಷರಿಂದ ಕಿತ್ತುಕೊಂಡಿದ್ದು" ಅಂತ ಮಾರಿದವನು ಹೇಳಿದ್ದನಂತೆ. ಇಷ್ಟು ವರ್ಷ ಅದು ಗೋಡೆ ಮೇಲಿತ್ತು. ಈಗ ಮಗ ದೊಡ್ಡವನಾಗಿದ್ದಾನೆ, ತೋಟಾ ತರಿಸಿ ಒಂದು ಸಲ ಹಾರಿಸಿಯೇ ನೋಡೋಣ ಅಂತ ಅಪ್ಪ ಮಗ ಇಬ್ಬರೂ ಹೊರಟಿದ್ದಾರೆ. "ನೀನು ಇಂಥದ್ದೆಲ್ಲ ಓದ್ತಾ ಇರ್ತೀಯಲ್ಲ, ಇದು ಅಸಲಿಯೋ ನಕಲಿಯೋ ನೋಡಿ ಹೇಳು" ಅಂತ ಗೆಳೆಯ ಬರೆದಿದ್ದ.

ನಾನು ಜೀವಮಾನದಲ್ಲಿ ಕೋವಿ ಹಿಡಿದವನಲ್ಲ, ಏನಿದ್ದರೂ ಪುಸ್ತಕದ ಬದನೇಕಾಯಿ :-) ಆದರೂ ಫೋಟೋ ತೆರೆದು ಕೂತೆ.

ರೈಫಲ್ ಯಾವ ಮಾದರಿ ಅನ್ನೋದರಲ್ಲಿ ಅನುಮಾನ ಇರಲಿಲ್ಲ. ಹಿಡಿಯ ಕೆಳಗೆ ಉದ್ದನೆಯ ಸನ್ನೆ, ಹೊರಗೆ ಕಾಣುವ ಕುದುರೆ ಇಲ್ಲ. ಇದು ಮಾರ್ಟಿನಿ-ಹೆನ್ರಿ. ಬ್ರಿಟಿಷ್ ಸೈನ್ಯ 1871ರಲ್ಲಿ ಒಪ್ಪಿಕೊಂಡ ಬಂದೂಕು. ಇದರ ಯಂತ್ರದ ಮೂಲ ಕಲ್ಪನೆ ಅಮೆರಿಕಾದ ಪೀಬಾಡಿಯದು, ಅದನ್ನು ಸುಧಾರಿಸಿದವನು ಸ್ವಿಟ್ಜರ್ಲೆಂಡಿನಲ್ಲಿದ್ದ ಮಾರ್ಟಿನಿ, ನಳಿಗೆಯೊಳಗಿನ ಏಳು ತೋಡುಗಳ ವಿನ್ಯಾಸ ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯದು. ಸನ್ನೆ ಕೆಳಗೆಳೆದರೆ ಬಾಯಿ ತೆರೆಯುತ್ತದೆ, ಒಂದು ತೋಟಾ ಇಟ್ಟು ಮೇಲೆತ್ತಿದರೆ ಹಾರಿಸಲು ಸಿದ್ಧ. ಗುಂಡಿನ ತೂಕ 480 ಗ್ರೇನ್, ಅಂದರೆ ಸುಮಾರು 31 ಗ್ರಾಂ!

ಮಾರಿದವನ ಕಥೆಯೂ ಗಾಳಿಮಾತೇನಲ್ಲ. 1880ರ ಜುಲೈ 27ರಂದು ಕಂದಹಾರದ ಹತ್ತಿರ ಮೈವಂದ್‌ನಲ್ಲಿ ಅಯೂಬ್ ಖಾನನ ಸೇನೆ ಬ್ರಿಟಿಷರನ್ನು ಸೋಲಿಸಿತು. ಸತ್ತವರು ಒಂಬೈನೂರಕ್ಕೂ ಹೆಚ್ಚು. ಅಲ್ಲಿ ಬ್ರಿಟಿಷರ 66ನೇ ರೆಜಿಮೆಂಟಿನ ಕೈಯಲ್ಲಿದ್ದದ್ದು ಮಾರ್ಟಿನಿ-ಹೆನ್ರಿಯೇ. ಪಕ್ಕದಲ್ಲೇ ನಿಂತು ಸತ್ತ ಬಾಂಬೆ ಸೈನ್ಯದ ನಮ್ಮ ಸಿಪಾಯಿಗಳ ಕೈಯಲ್ಲಿದ್ದದ್ದು ಅದಕ್ಕಿಂತ ಹಳೆಯ ಸ್ನೈಡರ್. 1857 ಆದಮೇಲೆ ಭಾರತೀಯ ಸಿಪಾಯಿಗೆ ಒಂದು ತಲೆಮಾರು ಹಿಂದಿನ ಬಂದೂಕನ್ನೇ ಕೊಡೋದು ಬ್ರಿಟಿಷರ ಪದ್ಧತಿಯಾಗಿತ್ತು. ಇರಲಿ, ವಿಷಯಕ್ಕೆ ಬರ್ತೀನಿ.

ಮಾರ್ಟಿನಿಯ ಬಲಗಡೆ ಅದರ ಜಾತಕ ಇರುತ್ತದೆ. ಮೇಲೆ ಕಿರೀಟ, ಅದರ ಕೆಳಗೆ ವಿ.ಆರ್., ಅಂದರೆ ವಿಕ್ಟೋರಿಯಾ ರಾಣಿ. ಆಮೇಲೆ ತಯಾರಿಸಿದ ಕಾರ್ಖಾನೆ, ವರ್ಷ, ಎಷ್ಟನೇ ಮಾದರಿ ಅನ್ನೋ ರೋಮನ್ ಅಂಕಿ. ಗೆಳೆಯನ ಫೋಟೋದಲ್ಲಿ ಎಲ್ಲವೂ ಇದ್ದವು. ಕಿರೀಟ, ವಿ.ಆರ್., ಎನ್‌ಫೀಲ್ಡ್, 1876, ಕೊನೆಗೆ ಮೂರನೇ ಮಾದರಿಯ ಮೂರು ಗೆರೆ. ಒಂದು ಕ್ಷಣ ನನಗೂ ಖುಷಿಯಾಯಿತು.

ಆಮೇಲೆ ದೊಡ್ಡದು ಮಾಡಿ ನೋಡಿದೆ. ಎನ್‌ಫೀಲ್ಡ್ ಅನ್ನೋ ಹೆಸರಿನಲ್ಲಿರುವ ಇಂಗ್ಲಿಷಿನ ಎನ್ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿದೆ! ಎನ್‌ಫೀಲ್ಡ್ ಕಾರ್ಖಾನೆಯವರು ತಮ್ಮ ಹೆಸರನ್ನೇ ಹಾಗೆ ಹೊಡೆದುಕೊಳ್ಳುತ್ತಾರೆಯೇ? ಅವರು ಉಕ್ಕಿನ ಅಚ್ಚಿನಿಂದ ಹೊಡೆಯುತ್ತಿದ್ದರು, ಅಕ್ಷರಗಳ ಆಳ ಒಂದೇ ಸಮ ಇರುತ್ತಿತ್ತು. ಇಲ್ಲಿ ಉಳಿಯಲ್ಲಿ ಕೆತ್ತಿದ ಹಾಗೆ ಗೆರೆಗಳು ನಡುಗಿವೆ. ಎರಡನೆಯದು, ಅಸಲಿ ಬಂದೂಕಿನ ಒಂದೊಂದು ಭಾಗದ ಮೇಲೂ ಪರೀಕ್ಷಕರ ಪುಟ್ಟ ಪುಟ್ಟ ಮುದ್ರೆಗಳಿರುತ್ತವೆ. ಇಲ್ಲಿ ದೊಡ್ಡ ಮುದ್ರೆ ಬಿಟ್ಟರೆ ಉಳಿದ ಕಡೆ ಬರೀ ಅರದಿಂದ ಉಜ್ಜಿದ ಗುರುತು. ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಎರಡನೇ ಮಾದರಿ ಬಂದದ್ದೇ 1877ರಲ್ಲಿ, ಮೂರನೆಯದು 1879ರಲ್ಲಿ. 1876ರಲ್ಲಿ ಮೂರನೇ ಮಾದರಿ ಹುಟ್ಟಿಯೇ ಇರಲಿಲ್ಲ.

ಇಂಥವುಗಳಿಗೆ ಖೈಬರ್ ಬಂದೂಕು ಅಂತಲೇ ಹೆಸರು. ಪೇಶಾವರ ಮತ್ತು ಕೊಹಾಟ್ ನಡುವೆ ದರ್ರಾ ಆದಂ ಖೇಲ್ ಅಂತ ಊರಿದೆ. ಅಲ್ಲಿನ ಪಠಾಣ ಕುಶಲಕರ್ಮಿಗಳು 19ನೇ ಶತಮಾನದ ಕೊನೆಯಿಂದ ಕೈಗೆ ಸಿಕ್ಕ ಬ್ರಿಟಿಷ್ ಬಂದೂಕನ್ನು ಎದುರಿಗಿಟ್ಟುಕೊಂಡು, ಅರ, ಉಳಿ, ಕೈಯಿಂದ ತಿರುಗಿಸುವ ಬೈರಿಗೆ ಹಿಡಿದು ತದ್ರೂಪು ಮಾಡುತ್ತಾ ಬಂದವರು. ಎದುರಿಗಿದ್ದದ್ದನ್ನೆಲ್ಲ ಮಾಡಿದರು, ಮುದ್ರೆಯನ್ನೂ ಮಾಡಿದರು. ಇಂಗ್ಲಿಷ್ ಬಾರದ ಕೈಗೆ ಅದು ಅಕ್ಷರವಲ್ಲ, ಚಿತ್ತಾರ. ನಕಲನ್ನು ನೋಡಿ ಮತ್ತೊಂದು ನಕಲು ಮಾಡಿದಾಗ ತಪ್ಪು ಬೆಳೆಯುತ್ತಾ ಹೋಯಿತು. ವಿಕ್ಟೋರಿಯಾ ರಾಣಿ 1901ರ ಜನವರಿಯಲ್ಲಿ ತೀರಿಕೊಂಡರೂ, ಅವಳ ಹೆಸರಿನ ಕೆಳಗೆ ಅದಕ್ಕಿಂತ ಈಚಿನ ವರ್ಷ ಇರುವ ಖೈಬರ್ ಬಂದೂಕುಗಳು ಬೇಕಾದಷ್ಟಿವೆ.

ಇದನ್ನು ಓದುವಾಗ ನನಗೆ ನಮ್ಮ ಮರ್ಕರಾ ತಾಮ್ರಶಾಸನ ನೆನಪಾಯಿತು. ಗಂಗರ ಅವಿನೀತನದ್ದು ಅಂತ ಹೇಳುವ ಅದರಲ್ಲಿ 388 ಅನ್ನೋ ವರ್ಷ ಇದೆ. ಶಕವರ್ಷ ಅಂತ ಹಿಡಿದರೆ ಕ್ರಿ.ಶ. 466. ಆದರೆ ಅದರೊಳಗೆ ಅಕಾಲವರ್ಷ ಅನ್ನೋ ಹೆಸರು ಬರುತ್ತದೆ. ಅದು ಎಷ್ಟೋ ಕಾಲದ ಮೇಲೆ ಬಂದ ರಾಷ್ಟ್ರಕೂಟರ ಬಿರುದು. ಫ್ಲೀಟ್ ಇಂಥ ಗಂಗ ಶಾಸನಗಳನ್ನು ಕೂಟಶಾಸನ ಅಂದದ್ದು, ರೈಸ್ ಜೊತೆ ಅವರಿಗೆ ವಾದ ನಡೆದದ್ದು ಶಾಸನ ಓದುವವರಿಗೆ ಗೊತ್ತೇ ಇದೆ. ತಾಮ್ರವಾದರೇನು ಉಕ್ಕಾದರೇನು, ಪರೀಕ್ಷೆ ಒಂದೇ. ಅದು ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಅನ್ನೋದಕ್ಕಿಂತ, ಹೇಳುವಾಗ ಎಲ್ಲಿ ಎಡವುತ್ತದೆ ಅಂತ ನೋಡಬೇಕು.

ಗೆಳೆಯನಿಗೆ ಮೊದಲ ಸಾಲಿನಲ್ಲೇ ಬರೆದೆ, "ದಯವಿಟ್ಟು ಹಾರಿಸಬೇಡಿ ಅಂತ ಈಗಲೇ ಹೋಗಿ ಹೇಳು." ಯಾವ ಉಕ್ಕು, ಎಷ್ಟು ಹದ ಅಂತ ಗೊತ್ತಿಲ್ಲದ ನಳಿಗೆ, ಅಳತೆ ಸರಿಯಿದೆಯೋ ಇಲ್ಲವೋ ತಿಳಿಯದ ತೋಟಾದ ಗೂಡು. ಹಾರಿಸುವವನ ಕೆನ್ನೆ ಇರೋದು ಅದರ ಪಕ್ಕದಲ್ಲೇ. ಅಸಲಿಯಾಗಿದ್ದರೂ ಬಂದೂಕಿನ ಕಮ್ಮಾರ ನೋಡದೆ ಹಾರಿಸುವ ವಸ್ತುವಲ್ಲ ಅದು.

ಮರುದಿನ ಉತ್ತರ ಬಂತು. ಅವರು ತೋಟಾ ತರಿಸೋದು ಬಿಟ್ಟರಂತೆ, ಆದರೆ ತುಂಬಾ ಬೇಜಾರು ಮಾಡಿಕೊಂಡರಂತೆ. "ಹಾಗಾದರೆ ಇಷ್ಟು ವರ್ಷ ನಾನು ಗೋಡೆ ಮೇಲೆ ಇಟ್ಟುಕೊಂಡಿದ್ದು ಬರೀ ಸುಳ್ಳಾ?" ಅಂತ ಕೇಳಿದರಂತೆ.

ಇದಕ್ಕೆ ಏನು ಹೇಳಬೇಕು ಅಂತ ಒಂದು ದಿನ ಯೋಚಿಸಿದೆ. ಅಫಘಾನಿಸ್ತಾನದಲ್ಲಿ ಬರೀ ಎರಡು ಜಾತಿಯ ಮಾರ್ಟಿನಿ ಇಲ್ಲ. ಅಮೀರ್ ಅಬ್ದುರ್ ರಹಮಾನ್ ಖಾನ್ ಸಾಲ್ಟರ್ ಪೈನ್ ಅನ್ನೋ ಇಂಗ್ಲಿಷ್ ಇಂಜಿನಿಯರನ್ನು ಕರೆಸಿ ಕಾಬೂಲಿನಲ್ಲೇ ಶಸ್ತ್ರಾಗಾರ ಕಟ್ಟಿಸಿದ. ಅಲ್ಲಿ ತಯಾರಾದ ಮಾರ್ಟಿನಿಗಳ ಮೇಲೆ ವಿಕ್ಟೋರಿಯಾ ಇಲ್ಲ, ಅಮೀರನ ಸ್ವಂತ ಮುದ್ರೆ ಇದೆ. ಅವನ್ನು ಯಾರೂ ನಕಲಿ ಅನ್ನುವುದಿಲ್ಲ. ದರ್ರಾದ ಬಡ ಕಮ್ಮಾರನಿಗೆ ಅಮೀರನ ಬಲ ಇರಲಿಲ್ಲ, ಬ್ರಿಟಿಷರ ಮುದ್ರೆಯಿದ್ದರೆ ಒಳ್ಳೆ ಬೆಲೆ, ಅದಕ್ಕೆ ರಾಣಿಯ ಹೆಸರು ಕೆತ್ತಿದ. ಹೆಸರು ಸುಳ್ಳು, ಬಂದೂಕು ಸುಳ್ಳಲ್ಲ.

ಹಾಗಂತಲೇ ಬರೆದೆ. "ಮೈವಂದ್ ಕಥೆ ಬಿಟ್ಟುಬಿಡಿ. ಕೆಳಗೆ ಒಂದು ಚೀಟಿ ಅಂಟಿಸಿ, 'ಗಡಿನಾಡಿನ ಕೈಕೆಲಸ, ಕಾಲ ಗೊತ್ತಿಲ್ಲ, ಹಾರಿಸಬಾರದು' ಅಂತ. ನಾಳೆ ನಿಮ್ಮ ಮೊಮ್ಮಗ ಇಳಿಸಿ ನೋಡಿದಾಗ ಅವನಿಗೆ ನಿಜ ಗೊತ್ತಿರಬೇಕು."

ಚೀಟಿ ಅಂಟಿಸಿದ್ದಾರಂತೆ. ಗೆಳೆಯ ಅದರದ್ದೂ ಒಂದು ಫೋಟೋ ಕಳಿಸಿದ್ದಾನೆ.