ಮನೆಯಲ್ಲಿರುವ ಗ್ಲೂಕೋಮೀಟರ್ ಬೆಕ್ಕಿಗೂ ಆಗುತ್ತದೆಯೇ?

ಬೆಕ್ಕುಗಳಿಗೂ ಸಕ್ಕರೆ ಕಾಯಿಲೆ ಬರುತ್ತದೆ. ನಡುವಯಸ್ಸು ದಾಟಿದ, ಮೈ ತುಂಬಿಕೊಂಡ ಬೆಕ್ಕುಗಳಲ್ಲಿ, ಅದರಲ್ಲೂ ಸಂತಾನಹರಣ ಚಿಕಿತ್ಸೆ ಮಾಡಿಸಿದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ಬೆಕ್ಕು ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ಚೆನ್ನಾಗಿ ತಿಂದರೂ ಸೊರಗುತ್ತದೆ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗುತ್ತವೆ. ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ದಿನಕ್ಕೆರಡು ಬಾರಿ ಇನ್ಸುಲಿನ್ ಬರೆದುಕೊಟ್ಟು, ‘ಮನೆಯಲ್ಲೇ ಶುಗರ್ ನೋಡುತ್ತಿರಿ’ ಎಂದು ಹೇಳಿ ಕಳಿಸುತ್ತಾರೆ.

ಮನೆಗೆ ಬಂದು ನೋಡಿದರೆ ಅಜ್ಜನದೋ ಅಮ್ಮನದೋ ಗ್ಲೂಕೋಮೀಟರ್ ಕಪಾಟಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಅದನ್ನೇ ಬಳಸಬಹುದೇ? ಈ ಪ್ರಶ್ನೆಗೆ ಎರಡು ಉತ್ತರಗಳು ಓಡಾಡುತ್ತಿವೆ. ‘ರಕ್ತ ಅಂದರೆ ರಕ್ತ, ಯಾವ ಮೀಟರ್ ಆದರೇನು’ ಎನ್ನುವುದು ಒಂದು. ‘ಮನುಷ್ಯರ ಮೀಟರ್ ಬೆಕ್ಕಿಗೆ ಪೂರ್ತಿ ನಿರುಪಯುಕ್ತ’ ಎನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯ. ಮನುಷ್ಯರ ಮೀಟರ್‌ನಿಂದ ಬೆಕ್ಕನ್ನು ನೋಡಿಕೊಳ್ಳಲು ಸಾಧ್ಯವಿದೆ, ಜಗತ್ತಿನ ಅನೇಕ ಕಡೆ ಹಾಗೆ ಮಾಡುತ್ತಲೂ ಇದ್ದಾರೆ. ಆದರೆ ಆ ಮೀಟರ್ ತೋರಿಸುವ 70 ಮತ್ತು ಪ್ರಾಣಿಗಳಿಗೆಂದೇ ಮಾಡಿದ ಮೀಟರ್ ತೋರಿಸುವ 70 ಒಂದೇ ಅಲ್ಲ. ಇದನ್ನು ತಿಳಿಯದೆ ಇನ್ಸುಲಿನ್ ಕೊಟ್ಟರೆ ಬೆಕ್ಕಿನ ಜೀವಕ್ಕೇ ಕುತ್ತು ಬರಬಹುದು.

ಒಂದೇ ರಕ್ತ, ಎರಡು ಅಂಕಿ ಏಕೆ?

ಗ್ಲೂಕೋಮೀಟರ್‌ಗೆ ನಾವು ಕೊಡುವುದು ಇಡೀ ರಕ್ತದ ಹನಿ. ಅದರಲ್ಲಿ ಕೆಂಪು ರಕ್ತಕಣಗಳೂ ಇವೆ, ಅವು ತೇಲಾಡುವ ಪ್ಲಾಸ್ಮಾ ಎಂಬ ದ್ರವವೂ ಇದೆ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಳೆಯುವುದು ದ್ರವಭಾಗದಲ್ಲಿರುವ ಗ್ಲೂಕೋಸನ್ನು. ಹಾಗಾಗಿ ಮೀಟರ್ ತನ್ನೊಳಗೇ ಒಂದು ಲೆಕ್ಕ ಹಾಕಿ, ಇಡೀ ರಕ್ತದ ಅಳತೆಯಿಂದ ಪ್ಲಾಸ್ಮಾದ ಅಂಕಿಯನ್ನು ಊಹಿಸಿ ತೋರಿಸುತ್ತದೆ.

ಆ ಲೆಕ್ಕ ಮನುಷ್ಯರ ರಕ್ತಕ್ಕೆ ಹೊಂದುವಂಥದ್ದು. ಮನುಷ್ಯರಲ್ಲಿ ಗ್ಲೂಕೋಸ್ ಕೆಂಪು ಕಣಗಳ ಒಳಕ್ಕೂ ಸಲೀಸಾಗಿ ಹೋಗುತ್ತದೆ. ರಕ್ತದಲ್ಲಿರುವ ಒಟ್ಟು ಗ್ಲೂಕೋಸ್‌ನಲ್ಲಿ ಸುಮಾರು 58 ಪಾಲು ಪ್ಲಾಸ್ಮಾದಲ್ಲಿದ್ದರೆ 42 ಪಾಲು ಕಣಗಳಲ್ಲಿರುತ್ತದೆ. ಬೆಕ್ಕಿನ ಕೆಂಪು ಕಣಗಳು ಗ್ಲೂಕೋಸನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಲ್ಲಿ ಸುಮಾರು 93 ಪಾಲು ಪ್ಲಾಸ್ಮಾದಲ್ಲೇ ಇದ್ದು, ಕಣಗಳಲ್ಲಿ 7 ಪಾಲು ಮಾತ್ರ ಇರುತ್ತದೆ. ನಾಯಿಯದು ಇವೆರಡರ ನಡುವೆ, ಆದರೆ ಬೆಕ್ಕಿಗೆ ಹತ್ತಿರ. ಮನುಷ್ಯರ ಲೆಕ್ಕವನ್ನು ಬೆಕ್ಕಿನ ರಕ್ತಕ್ಕೆ ಹಾಕಿದಾಗ ಅಂಕಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಬರುತ್ತದೆ.

‘ಹಾಗಾದರೆ ಬಂದ ಅಂಕಿಗೆ 30 ಸೇರಿಸಿದರಾಯಿತಲ್ಲ?’ ಎಂದು ಅನ್ನಿಸಬಹುದು. ಹಾಗಾಗದು. ವ್ಯತ್ಯಾಸ ಎಲ್ಲ ಮಟ್ಟದಲ್ಲೂ ಒಂದೇ ಅಲ್ಲ. ಗ್ಲೂಕೋಸ್ ಹೆಚ್ಚಿದ್ದಾಗ ಅಂತರ ದೊಡ್ಡದು, ಕಡಿಮೆ ಇದ್ದಾಗ ಚಿಕ್ಕದು. ಕಂಪನಿಯಿಂದ ಕಂಪನಿಗೂ ಅದು ಬದಲಾಗುತ್ತದೆ. ಜೊತೆಗೆ ರಕ್ತಹೀನತೆಯ ಪ್ರಶ್ನೆಯಿದೆ. ಕೆಂಪು ಕಣಗಳು ಕಡಿಮೆಯಾದಾಗ ಅನೇಕ ಮೀಟರ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ನಿರ್ಜಲೀಕರಣದಿಂದ ರಕ್ತ ಗಟ್ಟಿಯಾದಾಗ ಕಡಿಮೆ ತೋರಿಸುತ್ತವೆ. ಮಧುಮೇಹ ಬರುವುದು ವಯಸ್ಸಾದ ಬೆಕ್ಕುಗಳಿಗೆ, ಆ ವಯಸ್ಸಿನಲ್ಲೇ ಮೂತ್ರಪಿಂಡದ ಕಾಯಿಲೆಯೂ ಅದರಿಂದಾಗುವ ರಕ್ತಹೀನತೆಯೂ ಸಾಮಾನ್ಯ. ಅಂಥ ಬೆಕ್ಕಿನಲ್ಲಿ ‘ಮನುಷ್ಯರ ಮೀಟರ್ ಹೇಗೂ ಕಡಿಮೆ ತೋರಿಸುತ್ತದೆ, ಅದು ಸುರಕ್ಷಿತ’ ಎಂಬ ನಂಬಿಕೆ ತಿರುಗಿ ಹೊಡೆಯುತ್ತದೆ. ನಿಮ್ಮ ಬೆಕ್ಕಿನ ರಕ್ತ ಪರೀಕ್ಷೆಯ ವರದಿಯಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂಬ ಸಾಲು ಇರುತ್ತದೆ. ಮೀಟರ್ ಕೊಳ್ಳುವ ಮೊದಲು ಅದು ಸರಿಯಿದೆಯೇ ಎಂದು ವೈದ್ಯರನ್ನು ಕೇಳಿ.

ಅಪಾಯ ಇರುವುದು ಕೆಳಗಿನ ತುದಿಯಲ್ಲಿ

ಮೀಟರ್ 380ರ ಬದಲು 310 ತೋರಿಸಿದರೆ ಆ ದಿನ ದೊಡ್ಡ ಅನಾಹುತವೇನೂ ಆಗುವುದಿಲ್ಲ. ಎರಡೂ ಹೆಚ್ಚೇ. ಆದರೆ ಪ್ರತಿ ಡೆಸಿಲೀಟರ್‌ಗೆ 60 ಮಿಲಿಗ್ರಾಂ ಇದೆಯೋ 90 ಇದೆಯೋ ಎಂಬುದರ ಮೇಲೆ ಮುಂದಿನ ಇನ್ಸುಲಿನ್ ಕೊಡಬೇಕೋ ಬೇಡವೋ ಎಂಬುದು ನಿಂತಿರುತ್ತದೆ.

ಎರಡು ಉದಾಹರಣೆ ನೋಡಿ. ಕರ್ಸ್ಟನ್ ರೂಂಪ್ ಮತ್ತು ಜಾಕಿ ರ್‍ಯಾಂಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 55 ಬೆಕ್ಕುಗಳ ಮಾಲೀಕರು ಮನೆಯಲ್ಲೇ ರಕ್ತ ಪರೀಕ್ಷಿಸಿ ಗ್ಲಾರ್ಜಿನ್ ಇನ್ಸುಲಿನ್ ಕೊಟ್ಟರು. ಮನುಷ್ಯರ ಮೀಟರ್ ಬಳಸಿದ ಆ ವಿಧಾನದಲ್ಲಿ ಗುರಿಯಾಗಿದ್ದದ್ದು 50ರಿಂದ 100. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘ 2018ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಪ್ರಾಣಿಗಳ ಮೀಟರ್‌ಗೆ ಒಲವಿದೆ, ದಿನದ ಅತಿ ಕಡಿಮೆ ಅಂಕಿ 80ರಿಂದ 150ರ ನಡುವೆ ಇರಲಿ ಎಂದಿದೆ. ಎರಡರ ಧೋರಣೆ ಬೇರೆ, ಒಂದು ಬಿಗಿ, ಇನ್ನೊಂದು ಸಡಿಲ. ಆದರೂ ಮೀಟರ್ ಯಾವುದು ಎಂದು ನೋಡದೆ ಒಂದರ ಅಂಕಿಯನ್ನು ಇನ್ನೊಂದಕ್ಕೆ ಎರವಲು ತಂದರೆ ಏನಾಗುತ್ತದೆ ಊಹಿಸಿ. ‘50ರವರೆಗೆ ಪರವಾಗಿಲ್ಲ’ ಎಂದು ಎಲ್ಲೋ ಓದಿದವರು ಪ್ರಾಣಿಗಳ ಮೀಟರ್‌ನಲ್ಲಿ 52 ಕಂಡೂ ಸುಮ್ಮನಿದ್ದರೆ, ಬೆಕ್ಕಿನ ಗ್ಲೂಕೋಸ್ ನಿಜವಾಗಿಯೂ ಕುಸಿದಿದೆ ಎಂದೇ ಅರ್ಥ. ಹೊಸ ಮೀಟರ್ ತಂದ ಮೊದಲ ವಾರ ಹೀಗಾಗುವ ಸಾಧ್ಯತೆ ಹೆಚ್ಚು.

ಅದೇ 2009ರ ಅಧ್ಯಯನ ಇನ್ನೊಂದು ಮುಖ್ಯ ವಿಷಯ ಹೇಳುತ್ತದೆ. ಆ ಬೆಕ್ಕುಗಳಲ್ಲಿ ಶೇ 64ರಷ್ಟು ಇನ್ಸುಲಿನ್ನೇ ಬೇಡದ ಸ್ಥಿತಿಗೆ ಮರಳಿದವು. ಕಾಯಿಲೆ ಗೊತ್ತಾದ 6 ತಿಂಗಳೊಳಗೆ ಈ ಬಿಗಿ ಚಿಕಿತ್ಸೆ ಆರಂಭಿಸಿದ ಬೆಕ್ಕುಗಳಲ್ಲಿ ಈ ಪ್ರಮಾಣ ಶೇ 84. ಮನುಷ್ಯರ ಮಧುಮೇಹವನ್ನಷ್ಟೇ ಕಂಡವರಿಗೆ ಇದು ಅಚ್ಚರಿಯ ಸಂಗತಿ. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಬೆಕ್ಕು ಸುಧಾರಿಸುತ್ತಿರುವಾಗ ಹಳೆಯ ಪ್ರಮಾಣದ ಇನ್ಸುಲಿನ್ನೇ ವಿಷವಾಗುತ್ತದೆ. ಹಾಲು ಅನ್ನ ಬಿಡಿಸಿ ಮಾಂಸಾಹಾರಕ್ಕೆ ಬದಲಾಯಿಸಿದಾಗಲೂ ಕೆಲವೇ ದಿನಗಳಲ್ಲಿ ಗ್ಲೂಕೋಸ್ ಇಳಿಯಬಹುದು. ಇದು ಹೊರಗಿನಿಂದ ಕಾಣುವುದಿಲ್ಲ. ಮೂತ್ರ ಪರೀಕ್ಷೆಯ ಪಟ್ಟಿಯೂ ಇಲ್ಲಿ ನೆರವಾಗದು. ಬೆಕ್ಕಿನ ಗ್ಲೂಕೋಸ್ ಮೂತ್ರಕ್ಕೆ ಸೋರುವುದು ರಕ್ತದ ಮಟ್ಟ ಸುಮಾರು 250ರಿಂದ 300 ದಾಟಿದ ಮೇಲೆ. ಅದಕ್ಕಿಂತ ಕೆಳಗೆ 150 ಇದ್ದರೂ 40 ಇದ್ದರೂ ಪಟ್ಟಿಗೆ ಒಂದೇ.

ಬೆಕ್ಕು ತೂರಾಡುತ್ತಿದ್ದರೆ, ನಡುಗುತ್ತಿದ್ದರೆ, ಮಂಕಾಗಿ ಬಿದ್ದಿದ್ದರೆ ಮೀಟರ್ ಹುಡುಕುತ್ತಾ ಕೂರಬೇಡಿ. ಒಸಡಿಗೆ ಸ್ವಲ್ಪ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಸವರಿ, ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಫಿಟ್ಸ್ ಬಂದಿರುವ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು.

ಮೀಟರ್ ಕೊಳ್ಳುವಾಗ

ಪ್ರಾಣಿಗಳಿಗೆಂದೇ ತಯಾರಾದ ಮೀಟರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಜೋಯೆಟಿಸ್ ಕಂಪನಿಯ ಆಲ್ಫಾಟ್ರ್ಯಾಕ್. ಬೆಕ್ಕು ಮತ್ತು ನಾಯಿಯ ರಕ್ತಕ್ಕೆ ಇದರ ಲೆಕ್ಕವನ್ನು ಹೊಂದಿಸಲಾಗಿದೆ. ಬೇಕಾಗುವ ರಕ್ತ 0.3 ಮೈಕ್ರೋಲೀಟರ್ ಮಾತ್ರ. ಆಲ್ಫಾಟ್ರ್ಯಾಕ್ 2ರಲ್ಲಿ ಸ್ಟ್ರಿಪ್ ಡಬ್ಬಿಯ ಮೇಲೆ ನಾಯಿಗೊಂದು, ಬೆಕ್ಕಿಗೊಂದು ಕೋಡ್ ಮುದ್ರಿಸಿರುತ್ತಾರೆ. ಹೊಸ ಡಬ್ಬಿ ತೆರೆದಾಗಲೆಲ್ಲ ಬೆಕ್ಕಿನ ಕೋಡನ್ನೇ ಹಾಕಬೇಕು. ಇದನ್ನು ಮರೆತರೆ ದುಬಾರಿ ಮೀಟರ್ ಕೊಂಡದ್ದೇ ದಂಡ.

ನಿಖರತೆಯೊಂದನ್ನೇ ನೋಡಿದರೆ ನನ್ನ ಮತ ಪ್ರಾಣಿಗಳ ಮೀಟರ್‌ಗೆ. ಆದರೆ ಮೀಟರ್‌ನ ಬೆಲೆ ಒಮ್ಮೆ ಕೊಡುವಂಥದ್ದು, ಸ್ಟ್ರಿಪ್‌ಗಳ ಖರ್ಚು ತಿಂಗಳು ತಿಂಗಳೂ ಬರುವಂಥದ್ದು. ಪ್ರತಿ ಇನ್ಸುಲಿನ್‌ಗೆ ಮುಂಚೆ ಒಂದರಂತೆ ತಿಂಗಳಿಗೆ 60 ಸ್ಟ್ರಿಪ್ ಬೇಕು. 12 ಗಂಟೆಗಳ ಏರಿಳಿತ ತಿಳಿಯಲು ಎರಡು ಗಂಟೆಗೊಮ್ಮೆ ಅಳೆಯಲು ವೈದ್ಯರು ಹೇಳಿದರೆ ಒಂದೇ ದಿನಕ್ಕೆ 7. ರಕ್ತ ಸಾಲದೆ, ಬೆಕ್ಕು ಕೊಸರಾಡಿ ಹಾಳಾಗುವವು ಬೇರೆ. ಪ್ರಾಣಿಗಳ ಮೀಟರ್‌ನ ಸ್ಟ್ರಿಪ್ ನಿಮ್ಮ ಊರಿನ ಮೆಡಿಕಲ್ ಶಾಪ್‌ನಲ್ಲಿ ಸಿಗುವುದು ಕಷ್ಟ, ತರಿಸಿಕೊಳ್ಳಬೇಕಾಗುತ್ತದೆ. ಸ್ಟ್ರಿಪ್ ಮುಗಿದು ಹೊಸದು ಬರುವವರೆಗೆ ಒಂದು ವಾರ ಅಂದಾಜಿನಲ್ಲಿ ಇನ್ಸುಲಿನ್ ಕೊಡುವುದಕ್ಕಿಂತ, ಪಕ್ಕದ ಅಂಗಡಿಯಲ್ಲೇ ಸ್ಟ್ರಿಪ್ ಸಿಗುವ ಮನುಷ್ಯರ ಮೀಟರ್‌ನಲ್ಲಿ ದಿನವೂ ನೋಡುವುದು ಬೆಕ್ಕಿಗೆ ಒಳ್ಳೆಯದು. ಷರತ್ತು ಒಂದೇ: ಯಾವ ಮೀಟರ್ ಎಂಬುದು ವೈದ್ಯರಿಗೆ ಗೊತ್ತಿರಬೇಕು, ಎಷ್ಟಕ್ಕೆ ಇನ್ಸುಲಿನ್ ನಿಲ್ಲಿಸಬೇಕು ಎಂಬ ಅಂಕಿಯನ್ನು ಅವರು ಆ ಮೀಟರ್‌ಗೆ ತಕ್ಕಂತೆ ಬರೆದುಕೊಡಬೇಕು.

ಮನುಷ್ಯರ ಮೀಟರ್ ಆರಿಸುವುದಾದರೆ ಮೊದಲು ನೋಡಬೇಕಾದ್ದು ಎಷ್ಟು ರಕ್ತ ಬೇಕು ಎಂಬುದನ್ನು. 0.6 ಮೈಕ್ರೋಲೀಟರ್ ಅಥವಾ ಅದಕ್ಕಿಂತ ಕಡಿಮೆ ಸಾಕೆನ್ನುವ ಮೀಟರ್ ಇರಲಿ, ಬೆಕ್ಕಿನ ಕಿವಿಯಿಂದ ಬರುವ ಹನಿ ಸಾಸಿವೆ ಕಾಳಿಗಿಂತ ಚಿಕ್ಕದು. ಮೊದಲ ಹನಿ ಸಾಲದಿದ್ದರೆ ಅದೇ ಸ್ಟ್ರಿಪ್‌ಗೆ ಇನ್ನೊಂದು ಹನಿ ಸೇರಿಸಲು ಬಿಡುವ ಮೀಟರ್‌ಗಳೂ ಇವೆ, ಕೈ ಪಳಗುವವರೆಗೆ ಅವು ತುಂಬಾ ಅನುಕೂಲ. ಪೆಟ್ಟಿಗೆಯ ಮೇಲೆ ಐಎಸ್‌ಒ 15197:2013 ಎಂದು ಇದೆಯೇ ನೋಡಿ. ಅಂಥ ಮೀಟರ್ ಮನುಷ್ಯರ ರಕ್ತದಲ್ಲಿ 100ಕ್ಕಿಂತ ಕೆಳಗೆ 15 ಮಿಲಿಗ್ರಾಂ ಒಳಗೆ, 100 ಮತ್ತು ಮೇಲೆ ಶೇ 15ರ ಒಳಗೆ, ನೂರರಲ್ಲಿ 95 ಸಲವಾದರೂ ಸರಿ ತೋರಿಸಬೇಕು. ಇದು ಬೆಕ್ಕಿಗೆ ಕೊಟ್ಟ ಖಾತರಿಯಲ್ಲ. ಆದರೆ ಮನುಷ್ಯರಲ್ಲೇ ತಪ್ಪುವ ಮೀಟರ್ ಬೆಕ್ಕಿನಲ್ಲಿ ಸರಿ ಹೇಳೀತೇ? ಅಂದ ಹಾಗೆ, ಇದೇ ಕಾರಣಕ್ಕೆ ಒಂದೇ ಹನಿಯಲ್ಲಿ ಎರಡು ಸಲ ನೋಡಿದಾಗ 92 ಮತ್ತು 101 ಬಂದರೆ ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ವಿದೇಶದಿಂದ ಯಾರಾದರೂ ತಂದುಕೊಟ್ಟ ಮೀಟರ್ ಆದರೆ ಮಾನವನ್ನು ಗಮನಿಸಿ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮಿಲಿಮೋಲ್‌ನಲ್ಲಿ ಅಳೆಯುತ್ತಾರೆ, ಅದನ್ನು 18ರಿಂದ ಗುಣಿಸಿದರೆ ನಮ್ಮ ಅಂಕಿ ಸಿಗುತ್ತದೆ. ಅಲ್ಲಿನ 5 ನಮ್ಮ 90.

ತೋಳಿಗೆ ಅಂಟಿಸಿಕೊಳ್ಳುವ ಫ್ರೀಸ್ಟೈಲ್ ಲಿಬ್ರೆಯಂಥ ಸೆನ್ಸರ್‌ಗಳನ್ನು ಈಗ ಪಶುವೈದ್ಯರು ಬೆಕ್ಕಿಗೂ ಹಾಕುತ್ತಾರೆ. ಸೆನ್ಸರ್ 14 ದಿನಗಳಿಗೆಂದು ಇದ್ದರೂ ಬೆಕ್ಕಿನ ಮೈಯಿಂದ ಮೊದಲೇ ಕಿತ್ತುಬರುವುದು ಹೆಚ್ಚು. ಇವು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಗ್ಲೂಕೋಸ್ ಬೇಗ ಇಳಿಯುವಾಗ ಅಂಕಿ ಸ್ವಲ್ಪ ಹಿಂದೆ ಬೀಳುತ್ತದೆ. ಹಾಗಾಗಿ ಸೆನ್ಸರ್ ಇದ್ದರೂ ಒಂದು ಮೀಟರ್ ಮನೆಯಲ್ಲಿರಲಿ.

ತಂದ ಮೇಲೆ

ಕಿವಿಯ ಹೊರ ಅಂಚಿನಲ್ಲಿ ಸಾಗುವ ತೆಳುವಾದ ರಕ್ತನಾಳದ ಪಕ್ಕ ಚುಚ್ಚುವುದು ರೂಢಿ. ತಣ್ಣಗಿರುವ ಕಿವಿಯಿಂದ ರಕ್ತ ಬರುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಕೈಗೆ ಹದವೆನ್ನಿಸಿದ ಮೇಲೆ ಅರೆ ನಿಮಿಷ ಕಿವಿಗೆ ಒತ್ತಿ. ಕಿವಿ ಒದ್ದೆಯಾಗಬಾರದು, ನೀರು ಬೆರೆತ ಹನಿ ಸುಳ್ಳು ಹೇಳುತ್ತದೆ. ಸ್ಪಿರಿಟ್ ಕೂಡ ಬೇಡ. ಮನುಷ್ಯರ ಮೀಟರ್ ಜೊತೆ ಬರುವ 30 ಅಥವಾ 33 ಗೇಜಿನ ಲ್ಯಾನ್ಸೆಟ್ ಹೊಸ ಕಿವಿಗೆ ತೀರಾ ಸಣ್ಣದಾಗಬಹುದು, ಆರಂಭಕ್ಕೆ 28 ಗೇಜಿನದು ವಾಸಿ. ಅಜ್ಜನ ಮೀಟರ್ ಹಂಚಿಕೊಂಡರೂ ಚುಚ್ಚುವ ಪೆನ್ನು, ಲ್ಯಾನ್ಸೆಟ್ ಬೆಕ್ಕಿಗೆ ಬೇರೆಯೇ ಇರಲಿ.

ಸ್ಟ್ರಿಪ್‌ಗಳ ವೈರಿ ಬಿಸಿಲು ಮತ್ತು ತೇವ. ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಮೀರದಂತೆ ಇಡಬೇಕೆಂದು ಡಬ್ಬಿಯ ಮೇಲೆ ಇರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದು ಸುಲಭವಲ್ಲ. ಹಾಗೆಂದು ಫ್ರಿಜ್‌ನಲ್ಲಿಟ್ಟರೆ ತೆಗೆದಾಗಲೆಲ್ಲ ತೇವ ಕೂರುತ್ತದೆ. ಮನೆಯ ತಂಪಾದ ಒಳಕೋಣೆಯಲ್ಲಿ ಮುಚ್ಚಳ ಬಿಗಿಯಾಗಿ ಹಾಕಿಡಿ. ಕರಾವಳಿಯ ಮಳೆಗಾಲದಲ್ಲಿ ಸ್ಟ್ರಿಪ್ ತೆಗೆದ ಕ್ಷಣವೇ ಮುಚ್ಚುವ ಅಭ್ಯಾಸ ಬೇಕು.

ಆಸ್ಪತ್ರೆಯ ಅಂಕಿಗಿಂತ ಮನೆಯ ಅಂಕಿ ತೀರಾ ಕಡಿಮೆ ಬಂದರೆ ಮೀಟರನ್ನೇ ದೂರಬೇಕಿಲ್ಲ. ಗಾಬರಿಯಾದ ಬೆಕ್ಕಿನ ಗ್ಲೂಕೋಸ್ ಏರುತ್ತದೆ, ಕಾಯಿಲೆಯೇ ಇಲ್ಲದ ಬೆಕ್ಕಿನಲ್ಲೂ ಆಸ್ಪತ್ರೆಯ ಮೇಜಿನ ಮೇಲೆ 300 ಕಾಣಿಸಬಹುದು. ಮೀಟರ್ ಎಷ್ಟು ಸರಿ ಎಂದು ತಿಳಿಯಲು ದಾರಿ ಬೇರೆ ಇದೆ. ವೈದ್ಯರು ಪ್ರಯೋಗಾಲಯಕ್ಕೆ ರಕ್ತ ತೆಗೆಯುವಾಗ ಅದೇ ಸಿರಿಂಜಿನ ಒಂದು ಹನಿಯನ್ನು ನಿಮ್ಮ ಸ್ಟ್ರಿಪ್‌ಗೂ ಹಾಕಿಸಿಕೊಳ್ಳಿ, ವರದಿ ಬಂದಾಗ ಹೋಲಿಸಿ. ಗ್ಲೂಕೋಸ್‌ಗೆಂದು ಇರುವ ಬೂದು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೋಗಲಿ, ಬೇರೆ ಟ್ಯೂಬಿನಲ್ಲಿ ತಡವಾದಷ್ಟೂ ಅಂಕಿ ಕುಸಿಯುತ್ತದೆ. ಗ್ಲೂಕೋಸ್ ಹೆಚ್ಚಿರುವಾಗ ಒಮ್ಮೆ, ಹತೋಟಿಗೆ ಬಂದ ಮೇಲೆ ಇನ್ನೊಮ್ಮೆ ಹೀಗೆ ಮಾಡಿದರೆ ಆ ಮೀಟರ್ ನಿಮ್ಮ ಬೆಕ್ಕಿನಲ್ಲಿ ಎಷ್ಟು ಹಿಂದುಮುಂದಾಗುತ್ತದೆ ಎಂಬ ಅಂದಾಜು ಸಿಗುತ್ತದೆ.

ದಿನದ ಅಂಕಿಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ಹೊತ್ತು, ಅಂಕಿ, ಎಷ್ಟು ಯೂನಿಟ್ ಇನ್ಸುಲಿನ್, ತಿಂದಿತೇ ಇಲ್ಲವೇ. ಪುಟದ ಮೇಲೆ ಮೀಟರ್‌ನ ಹೆಸರಿರಲಿ. ಮೀಟರ್ ಬದಲಾಯಿಸಿದ ದಿನ ಅಲ್ಲೊಂದು ಗೆರೆ ಎಳೆದು, ಇನ್ಸುಲಿನ್ ನಿಲ್ಲಿಸುವ ಅಂಕಿಯನ್ನು ವೈದ್ಯರಿಂದ ಹೊಸದಾಗಿ ಕೇಳಿ ಬರೆದುಕೊಳ್ಳಿ.